ದೇವರ ಕೆಲಸ, ಹಾಜರಿ ಪುಸ್ತಕ

‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆಂಗಲ್ ಹನುಮಂತಯ್ಯನವರು ವಿಧಾನಸೌಧದ ಮೇಲೆ ಕೆತ್ತಿಸಿದ್ದು 1950ರ ದಶಕದಲ್ಲಿ. ನೌಕರ ಲಂಚ ಮುಟ್ಟದಿರಲಿ, ಬಂದವರನ್ನು ಅಲೆಸದಿರಲಿ, ಎದುರಿಗೆ ನಿಂತ ರೈತನ ಅರ್ಜಿಯನ್ನು ಶ್ರದ್ಧೆಯಿಂದ ನೋಡಲಿ ಎಂದೇ ನಾಡು ಅದನ್ನು ಓದಿಕೊಂಡು ಬಂದಿದೆ. ಅವನು ಕೆಲಸಕ್ಕಾಗಿ ಪ್ರಾಣ ಪಣಕ್ಕಿಡಲಿ ಎಂದು ಆ ಮಾತಿಗೆ ಅರ್ಥ ಹಚ್ಚುವ ಸಂದರ್ಭವೇ ಬಂದಿರಲಿಲ್ಲ. 2020ರಲ್ಲಿ ಬಂತು. ಮಾರ್ಚ್ 24ರ ರಾತ್ರಿ ಘೋಷಣೆಯಾದ ಲಾಕ್‌ಡೌನ್ ಮೇ ತಿಂಗಳಲ್ಲಿ ಹಂತಹಂತವಾಗಿ ಸಡಿಲವಾಯಿತು. ಮೇ 19ರಿಂದ ಸಾರಿಗೆ ಬಸ್ಸುಗಳು ಮತ್ತೆ ಜಿಲ್ಲೆಯಿಂದ ಜಿಲ್ಲೆಗೆ ಓಡಿದವು. ಕಚೇರಿಗಳಿಗೆ ‘ಹಾಜರಾಗತಕ್ಕದ್ದು’ ಎಂಬ ಸುತ್ತೋಲೆಗಳು ಬಂದವು. ಕೊರೊನಾ ರೋಗ ಇನ್ನೂ ಏರುತ್ತಲೇ ಇತ್ತು, ಲಸಿಕೆ ಬಂದಿರಲಿಲ್ಲ. ಸುತ್ತೋಲೆ ಓದಿದ ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು, ಖಾಸಗಿ ಕಂಪನಿಗಳವರು ಎಲ್ಲರ ಮನಸ್ಸಿನಲ್ಲೂ ಎದ್ದ ಪ್ರಶ್ನೆ ಒಂದೇ. ಹೋಗಲೇಬೇಕೆ? ಹೋಗಲು ಅಂಜಿದರೆ ಅದು ಕರ್ತವ್ಯಲೋಪವೆ? ಆಡಳಿತ ಇದನ್ನು ರಜೆಯ ನಿಯಮದ ಪ್ರಶ್ನೆಯಾಗಿ ನೋಡಿ ಮುಗಿಸಿತು. ಆದರೆ ಕೆಲಸವನ್ನು ದೇವರದೆಂದು ಕರೆದ ನಾಡಿನಲ್ಲಿ ಇದು ಧರ್ಮದ ಪ್ರಶ್ನೆಯೂ ಹೌದು, ಅದನ್ನು ಹಾಗೆಯೇ ಎದುರಿಸಬೇಕು.

ಚಿತ್ರದುರ್ಗ ಜಿಲ್ಲೆಯಲ್ಲಂತೂ ಇದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ದುರ್ಗದ ಮುರುಘಾಮಠ, ಸಿರಿಗೆರೆಯ ತರಳಬಾಳು ಮಠ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ, ಇವೆಲ್ಲ ಶರಣರ ಹೆಸರು ಹೇಳುವ ಮಠಗಳು. ಇಲ್ಲಿ ಕಾಯಕ ಎಂಬುದು ಶಾಲೆಯ ಗೋಡೆಯ ಮೇಲೆ, ಸಹಕಾರ ಸಂಘದ ಕ್ಯಾಲೆಂಡರಿನ ಮೇಲೆ, ನಿವೃತ್ತಿಯ ದಿನದ ಭಾಷಣದಲ್ಲಿ ಕೇಳಿ ಕೇಳಿ ಸವೆದ ಮಾತು. ಸವೆದ ಮಾತನ್ನು ಯಾರು ಬೇಕಾದರೂ ಎತ್ತಿಕೊಂಡು ಹೇಗೆ ಬೇಕಾದರೂ ಬೀಸಬಹುದು. ಮೇಲಿರುವವರ ಕೈಗೆ ಸಿಕ್ಕಾಗ ಅದು ‘ಕೆಲಸ ಪೂಜೆಯೆಂದ ಮೇಲೆ ಪೂಜೆಗೆ ಯಾರಾದರೂ ಹಿಂದೇಟು ಹಾಕುತ್ತಾರೆಯೇ’ ಎಂಬ ಪ್ರಶ್ನೆಯಾಗುತ್ತದೆ, ಕೆಳಗಿರುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನ ವಾದ ಇಷ್ಟು. ಕೆಲಸ ಪವಿತ್ರವಾಗಿರಬಹುದು, ಆ ಪಾವಿತ್ರ್ಯ ಕೆಲಸಕ್ಕೆ ಕರೆಯುವವನ ಅಪ್ಪಣೆಗೆ ತಾನಾಗಿ ವರ್ಗವಾಗುವುದಿಲ್ಲ. ಪಿಡುಗಿನ ಕಾಲದಲ್ಲಿ ಕೆಲಸಕ್ಕೆ ಕರೆಯುವವನು ಕರೆಸಿಕೊಳ್ಳುವವನಿಗೆ ಉತ್ತರ ಕೊಡಬೇಕಾದ ಋಣದಲ್ಲಿರುತ್ತಾನೆ. ಆ ಉತ್ತರ ಕೇಳುವ ನೌಕರ ಧರ್ಮ ಬಿಟ್ಟವನಲ್ಲ, ಧರ್ಮದ ಒಳಗೆ ನಿಂತೇ ಕೇಳುತ್ತಿದ್ದಾನೆ.

ಮೊದಲು ಆ ಅಂಜಿಕೆ ಎಂಥದಾಗಿತ್ತು ಎಂಬುದನ್ನು ನೋಡಬೇಕು. 2020ರ ಮೇ ಆರಂಭದಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ಬಣ್ಣ ಹಚ್ಚಿ ವಿಂಗಡಿಸಿದಾಗ ಚಿತ್ರದುರ್ಗ ಹಸಿರಿನಲ್ಲಿತ್ತು. ‘ಹಸಿರು ವಲಯದಲ್ಲಿದ್ದೂ ಹೆದರುತ್ತೀರಾ’ ಎಂದು ಕೇಳುವುದು ಸುಲಭ. ಆದರೆ ಹಿರಿಯೂರು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ, ದುರ್ಗವೂ ಅದೇ ಹೆದ್ದಾರಿಯ ಮಗ್ಗುಲಲ್ಲಿದೆ. ಬೆಂಗಳೂರಿನಲ್ಲಿ ಕೆಲಸ ನಿಂತು ಊರಿಗೆ ಮರಳಿದವರೂ, ಉತ್ತರಕ್ಕೂ ದಕ್ಷಿಣಕ್ಕೂ ಸರಕು ಸಾಗಿಸುವ ಲಾರಿಗಳೂ ಹಾಯುವ ದಾರಿ ಅದು. ನಕ್ಷೆಯ ಬಣ್ಣ ಅಲ್ಲಿ ತಡೆಗೋಡೆಯಾಗುವುದಿಲ್ಲ. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಕೆಲಸ, ದುರ್ಗದಲ್ಲೋ ದಾವಣಗೆರೆಯಲ್ಲೋ ಮನೆ, ಹೀಗೆ ದಿನವೂ ಓಡಾಡುವ ನೌಕರರು ಈ ಸೀಮೆಯಲ್ಲಿ ಎಷ್ಟೋ ಮಂದಿ. ರೈಲು ನಿಂತು ಚಿಕ್ಕಜಾಜೂರು ಜಂಕ್ಷನ್ ಮೌನವಾಗಿದ್ದಾಗ ಅವರಿಗೆ ಉಳಿದದ್ದು ಬಸ್ಸು, ಇಲ್ಲವೇ ನಾಲ್ವರು ಸೇರಿ ಮಾಡಿಕೊಂಡ ಕಾರು. ಕಚೇರಿಯಲ್ಲಿ ಅಂತರದ ಗುರುತು ಬರೆದಿದ್ದರೂ ದಾರಿಯಲ್ಲಿ ಯಾರೂ ಬರೆದಿರಲಿಲ್ಲ. ಪಹಣಿಗೆ, ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ ಬಂದವರು ಕಿಟಕಿಗೆ ಮುಖ ತೂರಿಸಿಯೇ ಮಾತಾಡುತ್ತಾರೆ, ಅದು ಅವರ ತಪ್ಪಲ್ಲ, ನಮ್ಮ ಕಚೇರಿಗಳ ಕಿಟಕಿಗಳನ್ನು ಕಟ್ಟಿರುವುದೇ ಹಾಗೆ. ಇನ್ನೊಂದು ಮಾತು. ಕಚೇರಿಗೆ ಹೋಗುವವನ ಅಂಜಿಕೆಯಲ್ಲಿ ತನ್ನ ಜೀವದ ಪಾಲು ಕಡಿಮೆ ಇತ್ತು. ಮೂವತ್ತೈದರ ನೌಕರನಿಗೆ ಈ ರೋಗ ಜ್ವರವಾಗಿ ಹಾದುಹೋಗಬಹುದಿತ್ತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ, ಉಬ್ಬಸದ ಮಾವ, ಬಸುರಿ ಹೆಂಡತಿ ಇದ್ದರು. ಸಂಜೆ ತಾನು ಮನೆಗೆ ಏನನ್ನು ಹೊತ್ತು ತರುತ್ತೇನೆ ಎಂಬುದೇ ಅವನ ಚಿಂತೆ. ಇದನ್ನು ಹೇಡಿತನವೆಂದು ಕರೆಯುವವರು ಹೇಡಿತನ ಎಂದರೆ ಏನೆಂದು ಮತ್ತೊಮ್ಮೆ ಯೋಚಿಸಬೇಕು. ತನ್ನ ಮೂಲಕ ಇನ್ನೊಬ್ಬರಿಗೆ ಕೇಡಾದೀತು ಎಂಬ ಅಳುಕು ಎಲ್ಲ ನೀತಿಯ ಮೊದಲ ಮೆಟ್ಟಿಲು.

ಇಂಥ ಅಳುಕನ್ನು ಈ ನೆಲದ ದೈವಗಳು ಎಂದೂ ಗೇಲಿ ಮಾಡಿಲ್ಲ. ‘ಅಮ್ಮ’ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಒಳಗಿನವರು ಹತ್ತು ಮನೆ ತಿರುಗುತ್ತಿರಲಿಲ್ಲ. ಅದು ಮಾರಮ್ಮನಿಗೆ ತೋರುವ ಮರ್ಯಾದೆಯೆಂದೇ ನಡೆಯುತ್ತಿತ್ತು. ರೋಗರುಜಿನ ಕಂಡಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡು ದನಕರುಗಳ ಸಮೇತ ಹೊಲಕ್ಕೋ ತೋಪಿಗೋ ಹೋಗಿ, ಅಲ್ಲೇ ಅಡಿಗೆ ಮಾಡಿಕೊಂಡು ಉಂಡು, ಹೊತ್ತು ಮುಳುಗಿದ ಮೇಲೆ ಮರಳುವ ಹೊರಬೀಡು ಈ ಭಾಗದ ಕೆಲವು ಹಳ್ಳಿಗಳಲ್ಲಿ ಇಂದಿಗೂ ಇದೆ. ಪ್ಲೇಗಿನ ಕಾಲದಲ್ಲಿ ಜನ ತಿಂಗಳುಗಟ್ಟಲೆ ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕಿದ್ದನ್ನು ಹಳೆಯ ತಲೆಮಾರು ಹೇಳುತ್ತಿತ್ತು. ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿದ್ದು 1898ರಲ್ಲಿ. ಹಿರಿಯೂರಿನ ಬಳಿ ವೇದಾವತಿಗೆ ವಾಣಿವಿಲಾಸ ಸಾಗರದ ಕಟ್ಟೆ ಕಟ್ಟಲು ತೊಡಗಿದ್ದೂ ಅದೇ ವರ್ಷ. 1907ರಲ್ಲಿ ಮುಗಿದ ಆ ಅಣೆಕಟ್ಟೆಗೆ ಮಹಾರಾಣಿಯ ಹೆಸರಿಟ್ಟರೂ ಜನ ಅದನ್ನು ಮಾರಿಕಣಿವೆ ಎಂದೇ ಕರೆದರು, ಕಣಿವೆ ಮಾರಮ್ಮನ ಗುಡಿಯೂ ಅಲ್ಲಿದೆ. ನಾಡು ಕಟ್ಟುವ ಕೆಲಸವೂ ರೋಗದ ದೇವತೆಯ ಭಯಭಕ್ತಿಯೂ ಒಂದೇ ಕಣಿವೆಯಲ್ಲಿ ಜಗಳವಿಲ್ಲದೆ ಇದ್ದವು. ಹೊರಬೀಡಿಗೆ ವೈದ್ಯಶಾಸ್ತ್ರದ ಬೆಂಬಲವಿದೆ ಎಂದು ನಾನು ಹೇಳಹೊರಟಿಲ್ಲ, ಒಂದು ದಿನ ಊರು ಬಿಟ್ಟರೆ ವೈರಾಣು ಸಾಯುವುದಿಲ್ಲ. ಹಿಂದೆ ಸರಿಯುವುದೂ ಒಂದು ಆಚರಣೆ, ಅದಕ್ಕೂ ದೈವದ ಒಪ್ಪಿಗೆ ಇದೆ ಎಂಬ ತಿಳಿವಳಿಕೆ ಇಲ್ಲಿ ಹೊಸದಲ್ಲ ಎಂದಷ್ಟೇ ನನ್ನ ಮಾತು.

2020ರಲ್ಲಿ ಇದರ ದೊಡ್ಡ ರೂಪವೇ ಕಣ್ಣೆದುರು ನಡೆಯಿತು. ಮಾರ್ಚಿನಲ್ಲಿ ಮುಚ್ಚಿದ ದೇವಸ್ಥಾನ, ಮಸೀದಿ, ಚರ್ಚುಗಳಿಗೆ ಮತ್ತೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿದ್ದು ಜೂನ್ 8ರಿಂದ. ಅಷ್ಟೂ ದಿನ ಗರ್ಭಗುಡಿಯ ಪೂಜೆ ನಿಂತಿತೆ? ಅರ್ಚಕರೊಬ್ಬರು ಒಳಗೆ ದೀಪ ಹಚ್ಚಿ ಬಂದರು. ಭಕ್ತರು ಮನೆಯಲ್ಲೇ ಕೈಮುಗಿದರು. ಆ ವರ್ಷದ ರಂಜಾನ್ ನಮಾಜು ಮನೆಗಳಲ್ಲೇ ನಡೆಯಿತು. ಯುಗಾದಿಯೂ ಈಸ್ಟರೂ ಹಾಗೆಯೇ. ಸಾಕ್ಷಾತ್ ದೇವರ ಕೆಲಸದಲ್ಲೇ ‘ಯಾವುದು ಇಲ್ಲೇ ಆಗಬೇಕು, ಯಾವುದು ಎಲ್ಲಿದ್ದರೂ ಆಗುತ್ತದೆ, ಇಲ್ಲೇ ಆಗಬೇಕಾದ್ದಕ್ಕೆ ಎಷ್ಟು ಮಂದಿ ಸಾಕು’ ಎಂಬ ವಿಂಗಡಣೆ ಸಾಧ್ಯವಾಯಿತು. ಅದೇ ವಿಂಗಡಣೆಯನ್ನು ಟಪಾಲು ವಿಭಾಗಕ್ಕೆ, ಲೆಕ್ಕಪತ್ರ ಶಾಖೆಗೆ ಮಾಡಿ ಎಂದು ಕೇಳಿದರೆ ಅದು ಕೆಲಸಗಳ್ಳತನವಾಗುವುದು ಹೇಗೆ? ಕೇಂದ್ರದ ಸಿಬ್ಬಂದಿ ಇಲಾಖೆ ಸರದಿಯ ಮೇಲೆ ಅರ್ಧ ಸಿಬ್ಬಂದಿ ಬರಲಿ ಎಂದಿತು. ಗರ್ಭಿಣಿಯರಿಗೆ, ಅಂಗವಿಕಲರಿಗೆ ವಿನಾಯಿತಿ ಕೊಟ್ಟಿತು. ಎಲ್ಲರೂ ಹೆಬ್ಬೆಟ್ಟು ಒತ್ತುವ ಬಯೊಮೆಟ್ರಿಕ್ ಯಂತ್ರವನ್ನು ಮಾರ್ಚ್ ಮೊದಲ ವಾರದಲ್ಲೇ ಬದಿಗಿರಿಸಿತು. ಕೇಳುವ ಮನಸ್ಸಿದ್ದ ಕಡೆ ಉತ್ತರಗಳೂ ಇದ್ದವು.

ಪಿಡುಗಿನಲ್ಲಿ ಕರ್ತವ್ಯ ಯಾರಿಗೆ ಎಷ್ಟು ಎಂಬುದನ್ನು ಬೇರೆ ಧರ್ಮಗಳೂ ಅಳೆದು ನೋಡಿವೆ. ಖಲೀಫ ಉಮರ್ ಏಳನೆಯ ಶತಮಾನದಲ್ಲಿ ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ದಾರಿಯಲ್ಲೇ ಸಿಕ್ಕಿತು. ಜೊತೆಯವರೊಡನೆ ಚರ್ಚಿಸಿ ಅವರು ಹಿಂದಿರುಗಲು ತೀರ್ಮಾನಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಸೇನಾಪತಿ ಅಬು ಉಬೈದಾ ಕೇಳಿದರು. ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಬಂತು. ಪಿಡುಗು ಇರುವ ನಾಡಿಗೆ ಹೋಗಬೇಡಿ, ನೀವಿರುವ ನಾಡಿನಲ್ಲೇ ಇದ್ದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿಯವರ ಬುದ್ಧಿಮಾತು ಅದಕ್ಕೆ ಬೆಂಬಲವಾಗಿತ್ತು. ಎಲ್ಲವೂ ಹಣೆಬರಹ, ಬರುವುದಿದ್ದರೆ ಮನೆಯಲ್ಲಿದ್ದರೂ ಬರುತ್ತದೆ ಎನ್ನುವ ನಮ್ಮ ಕಡೆಯ ಮಾತಿಗೂ ಇದರಲ್ಲೇ ಉತ್ತರವಿದೆ. ಹಣೆಬರಹ ನಂಬುವವರೂ ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಾರೆ. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್, ಪಿಡುಗಿನಿಂದ ಓಡಬಹುದೇ ಎಂಬ ಪ್ರಶ್ನೆಗೆ ದೀರ್ಘ ಪತ್ರದಲ್ಲೇ ಉತ್ತರ ಬರೆದರು. ಪಾದ್ರಿಗಳು, ನ್ಯಾಯಾಧಿಕಾರಿಗಳು, ರೋಗಿಯ ಆರೈಕೆ ಹೊತ್ತವರು ನಿಲ್ಲಬೇಕು. ಅವರ ಜಾಗಕ್ಕೆ ತಕ್ಕವರು ಇದ್ದರೆ ಉಳಿದವರು ಹೋಗಬಹುದು. ಔಷಧಿ, ಎಚ್ಚರಿಕೆ ಬಿಟ್ಟು ಧೈರ್ಯ ಮೆರೆಯುವುದು ದೇವರನ್ನು ಪರೀಕ್ಷಿಸಿದಂತೆ. ಅವರು ಸ್ವತಃ ಊರಲ್ಲೇ ಉಳಿದರು. ಈ ಎರಡು ಪರಂಪರೆಗಳೂ ಕರ್ತವ್ಯವನ್ನು ಸಡಿಲಿಸಲಿಲ್ಲ. ಇವನು ಇಲ್ಲದಿದ್ದರೆ ಯಾರಿಗೆ ಏನು ಕೆಡುತ್ತದೆ ಎಂದು ಕೇಳಿ, ಅದರ ಮೇಲೆ ಕರ್ತವ್ಯವನ್ನು ತೂಗಿದವು. ‘ಎಲ್ಲ ಸಿಬ್ಬಂದಿ ಕಡ್ಡಾಯವಾಗಿ’ ಎನ್ನುವ ಸುತ್ತೋಲೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಇನ್ನು ಕಾಯಕದ ಕಡೆಗೆ ಬರೋಣ. ಅಂಜುವ ನೌಕರನ ವಿರುದ್ಧ ಮೊದಲು ಎತ್ತುವ ಆಕ್ಷೇಪ ಶರಣರ ಹೆಸರಿನದೇ. ನುಲಿಯ ಚಂದಯ್ಯನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಆತ ಅದನ್ನು ಹುಡುಕದೆ ಹುಲ್ಲು ಹೊತ್ತು ಹಗ್ಗ ಹೊಸೆಯಲು ನಡೆದ. ಲಿಂಗವೇ ಹಿಂದೆ ಬಂದರೂ ಕೆಲಸ ಬಿಡಲಿಲ್ಲ. ಲಿಂಗಕ್ಕಿಂತ ಕಾಯಕ ದೊಡ್ಡದೆಂದ ಮೇಲೆ ನಿನ್ನ ಜ್ವರದ ಭಯ ಯಾವ ಲೆಕ್ಕ ಎಂದು ಕೇಳುತ್ತಾರೆ. ಕಥೆಯನ್ನು ಪೂರ್ತಿ ಓದಬೇಕು. ಚಂದಯ್ಯನಿಗೆ ಯಾವ ಒಡೆಯನೂ ಹಾಜರಿ ಹಾಕುತ್ತಿರಲಿಲ್ಲ. ಯಾವ ಕೆಲಸ, ಯಾವಾಗ, ಎಷ್ಟು ಎಂಬುದು ಆತನದೇ ತೀರ್ಮಾನ. ಹಗ್ಗ ಮಾರಿ ಬಂದದ್ದು ಜಂಗಮರ ಊಟಕ್ಕೆ ಸಲ್ಲುತ್ತಿತ್ತು. ಆ ಉಣ್ಣುವವರೇ ಕೆಲಸದ ಗುರಿ. ಕಾಯಕದ ಇನ್ನೊಂದು ತುದಿ ದಾಸೋಹ, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಮಾಡುವ ಕೆಲಸವೇ ಉಣ್ಣುವವರ ಮನೆಗೆ ರೋಗ ಒಯ್ಯುವ ಹಾಗಿದ್ದರೆ ಅದು ಆ ಕಥೆಯ ಹಗ್ಗ ಹೊಸೆಯುವ ಕೆಲಸವಲ್ಲ. ಯಾರ ಊಟವೂ ಅವಲಂಬಿಸದ ಒಂದು ಕಡತವನ್ನು ಮೇಜಿನಿಂದ ಮೇಜಿಗೆ ದಾಟಿಸಲು ನಲವತ್ತು ಮಂದಿಯನ್ನು ಒಂದು ಹಜಾರದಲ್ಲಿ ಕೂರಿಸಿ ಅದಕ್ಕೆ ಚಂದಯ್ಯನ ಹೆಸರು ಹೇಳುವುದು ಶರಣರಿಗೆ ಮಾಡುವ ಅನ್ಯಾಯ.

ಎರಡನೆಯ ಆಕ್ಷೇಪ ಕೋಟೆಯದು. ದುರ್ಗದಲ್ಲಿ ಕರ್ತವ್ಯದ ಮಾತು ಬಂದರೆ ಓಬವ್ವನ ಹೆಸರು ಬಂದೇ ಬರುತ್ತದೆ. ಹೈದರನ ಸೈನಿಕರು ಕಿಂಡಿಯಿಂದ ನುಸುಳುವಾಗ, ಕಾವಲುಗಾರ ಗಂಡ ಉಣ್ಣುತ್ತಿದ್ದ ಹೊತ್ತಿನಲ್ಲಿ, ಒನಕೆ ಹಿಡಿದು ನಿಂತವಳು ಅವಳು. ಅವಳು ಅಂಜಿದಳೇ ಎಂದು 2020ರಲ್ಲಿ ಕೇಳುವುದು ಸಹಜವಾಗಿತ್ತು, ಎಲ್ಲ ಕಡೆ ಕೊರೊನಾ ವಾರಿಯರ್ಸ್ ಎಂಬ ಮಾತೇ ಓಡುತ್ತಿತ್ತು. ಮೇ 3ರಂದು ಆಸ್ಪತ್ರೆಗಳ ಮೇಲೆ ವಾಯುಸೇನೆ ಹೂ ಸುರಿಸಿತು. ಓಬವ್ವನ ಮುಂದೆ ನಾನೂ ತಲೆಬಾಗುತ್ತೇನೆ. ಆದರೆ ಅವಳನ್ನು ಯಾರೂ ಸುತ್ತೋಲೆ ಕಳಿಸಿ ಕರೆಯಲಿಲ್ಲ. ಅಪಾಯ ಕಣ್ಣಿಗೆ ಕಂಡಿತು, ಅವಳೇ ಆರಿಸಿಕೊಂಡಳು. ಒನಕೆ ಬೀಸಿದ ಕೈಯಿಂದ ಮನೆಯವರಿಗೆ ಏನೂ ತಗಲುವಂತಿರಲಿಲ್ಲ. ಕಥೆಯಲ್ಲಿ ಇನ್ನೊಂದು ಸಂಗತಿ ಇದೆ, ನಾವು ಅದನ್ನು ಯಾಕೋ ಗಮನಿಸುವುದಿಲ್ಲ. ಅಷ್ಟು ದೊಡ್ಡ ಕೋಟೆಯ ಅಂಥ ಒಂದು ಕಿಂಡಿಗೆ ಒಬ್ಬನೇ ಕಾವಲುಗಾರ; ಅವನು ಉಣ್ಣಲು ಹೋದರೆ ಬದಲಿ ಇಲ್ಲ. ಓಬವ್ವನ ಶೌರ್ಯ ಕೋಟೆಯ ಆಡಳಿತದ ಒಂದು ಕೊರತೆಯನ್ನು ತುಂಬಿಕೊಟ್ಟಿತು. ಅವಳಿಗೆ ಪ್ರತಿಮೆ ನಿಲ್ಲಿಸುವುದು ಸರಿ. ಕಿಂಡಿಗೆ ಎರಡನೇ ಕಾವಲುಗಾರನನ್ನು ಹಾಕದೆ ಪ್ರತಿಮೆಯನ್ನೇ ತೋರಿಸುತ್ತಿದ್ದರೆ ಅದು ಸರಿಯಲ್ಲ. ವೀರರೆಂದು ಕರೆಸಿಕೊಂಡವರು ಕೇಳಿದ್ದೂ ಇದನ್ನೇ. 2020ರ ಜುಲೈ 10ರಂದು ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೊಡಿ, ಮಾಸ್ಕು, ಕೈಗವಸು ಮುಂತಾದ ರಕ್ಷಣಾ ಸಾಮಗ್ರಿ ಕೊಡಿ ಎಂಬುದು ಅವರ ಬೇಡಿಕೆ. ಮನೆಮನೆ ಸುತ್ತುವ ಆ ಹೆಣ್ಣುಮಕ್ಕಳು ಕೆಲಸವನ್ನೇ ಬೇಡವೆನ್ನಲಿಲ್ಲ, ಬರಿಗೈಯಲ್ಲಿ ಕಳಿಸಬೇಡಿ ಎಂದರು. ಹೂವಿನ ಬದಲು ಕೈಗವಸು ಕೇಳುವವಳ ಕರ್ತವ್ಯಪ್ರಜ್ಞೆಯನ್ನು ಸಂಶಯಿಸುವ ಧೈರ್ಯ ಯಾರಿಗಿದೆ?

ಗೀತೆಯ ಹೆಸರಿನಲ್ಲೂ ಇದೇ ಮಾತು ಬರುತ್ತದೆ. ಫಲದ ಚಿಂತೆ ಬಿಟ್ಟು ಕರ್ಮ ಮಾಡು ಎಂಬುದನ್ನು ನಮ್ಮ ಕಚೇರಿಗಳಷ್ಟು ಪ್ರೀತಿಯಿಂದ ಬೇರೆ ಯಾರೂ ಹೇಳುವುದಿಲ್ಲ, ಬಡ್ತಿ ತಡವಾದಾಗಲಂತೂ. ರಥದ ಮೇಲೆ ಬಿಲ್ಲು ಕೆಳಗಿಟ್ಟು ಕುಳಿತ ಅರ್ಜುನನನ್ನೂ ಮನೆಯಲ್ಲಿ ಕುಳಿತ ನೌಕರನನ್ನೂ ಹೋಲಿಸುವುದಾದರೆ ಹೋಲಿಕೆ ಪೂರ್ತಿಯಾಗಲಿ. ಅರ್ಜುನನ ತಳಮಳ ಸ್ವಂತ ಜೀವದ್ದಲ್ಲ, ತನ್ನ ಕೈಯಿಂದ ತನ್ನವರಿಗೆ ಆಗುವ ಕೇಡಿನದು. ನಮ್ಮ ನೌಕರನದೂ ಅದೇ. ಕೃಷ್ಣ ಮೊದಲು ಸ್ವಲ್ಪ ಗದರಿದ ನಿಜ. ಆಮೇಲೆ ಹದಿನೆಂಟನೆಯ ಅಧ್ಯಾಯದವರೆಗೂ, ಎರಡು ಸೈನ್ಯಗಳನ್ನು ನಿಲ್ಲಿಸಿಕೊಂಡು, ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟ. ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಪಡಲಿಲ್ಲ. ಕೊನೆಗೆ, ಹೇಳುವುದನ್ನೆಲ್ಲ ಹೇಳಿದ್ದೇನೆ, ಚೆನ್ನಾಗಿ ವಿಚಾರ ಮಾಡಿ ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು ಎಂದು ಬಿಟ್ಟ. ತಾನೂ ಅದೇ ರಥದ ಮೇಲೆ, ಅವನಿಗಿಂತ ಮುಂದೆ, ಆಯುಧವಿಲ್ಲದೆ ಕುಳಿತಿದ್ದ. ಹಾಜರಿಯ ಸುತ್ತೋಲೆ ಕೃಷ್ಣನ ಸ್ಥಾನ ಬೇಡುವುದಾದರೆ ಇಷ್ಟನ್ನೂ ಮಾಡಬೇಕಾಗುತ್ತದೆ. ಸಾಹೇಬರು ವಿಡಿಯೊ ಸಭೆಯಲ್ಲಿ ಬಂಗಲೆಯಿಂದಲೇ ಮಾತಾಡುತ್ತ ಡಿ ದರ್ಜೆಯ ನೌಕರ ಬಾಗಿಲಲ್ಲಿ ಕುಳಿತಿರಬೇಕೆಂದರೆ ಆ ರಥದಲ್ಲಿ ಸಾರಥಿಯೇ ಇಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ, ಇವೆಲ್ಲಕ್ಕಿಂತ ಗಟ್ಟಿಯಾದದ್ದು. ದುರ್ಗದ ಬೀದಿ ಗುಡಿಸಿದ ಪೌರಕಾರ್ಮಿಕರು ಮನೆಯಲ್ಲಿ ಕೂರಲಿಲ್ಲ. ಹಿರಿಯೂರಿನ ಈರುಳ್ಳಿ ಹೊಲಕ್ಕೆ ಕೂಲಿಯವಳು ಹೋಗಲೇಬೇಕಿತ್ತು, ಹೊಳಲ್ಕೆರೆ ಹೊಸದುರ್ಗಗಳ ಅಡಿಕೆ ತೆಂಗಿನ ತೋಟಗಳಿಗೆ ನೀರು ಹಾಯಿಸಲೇಬೇಕಿತ್ತು. ಅಂಜುವ ಹಕ್ಕು ಸಂಬಳದವರ ಸೊತ್ತಲ್ಲವೇ? ತಿಂಗಳ ಮೊದಲ ದಿನ ಖಾತೆಗೆ ದುಡ್ಡು ಬೀಳುವವನು ಧರ್ಮಸೂಕ್ಷ್ಮದ ಮಾತಾಡುವುದು ಹೊಟ್ಟೆ ತುಂಬಿದವನ ಆಟವಲ್ಲವೇ? ಇದರಲ್ಲಿ ಬಹಳ ಸತ್ಯವಿದೆ, ನಾನು ಅದನ್ನು ತೇಲಿಸಿಬಿಡಲಾರೆ. ಈ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಜನ ಇಂದಿಗೂ ಹೇಳುವುದು ಮಾಡಿದವರಿಗೆ ಮಾಡಿದಷ್ಟು ನೀಡುವ ನೀತಿಯನ್ನು. ಕೆರೆ ಕಟ್ಟಿಸಿ ಕೆಲಸಕ್ಕೆ ತಕ್ಕ ಕೂಲಿ ಸಲ್ಲಿಸಿದವರೆಂದು ಅವರನ್ನು ನೆನೆಯುತ್ತಾರೆ. ಆ ಅಳತೆಯಲ್ಲಿ ನೋಡಿದರೆ ಪಿಡುಗಿನ ಕಾಲದಲ್ಲಿ ಹೆಚ್ಚು ಮಾಡಿದವರಿಗೆ ಕಡಿಮೆ ನೀಡಿದ್ದೇವೆ. ಆದರೆ ಈ ಅನ್ಯಾಯದಿಂದ, ಗುಮಾಸ್ತನೂ ಅಷ್ಟೇ ಅಪಾಯಕ್ಕೆ ಒಡ್ಡಿಕೊಳ್ಳಲಿ ಎಂಬ ತೀರ್ಮಾನ ಹೊರಡುವುದಿಲ್ಲ. ಪೌರಕಾರ್ಮಿಕಳಿಗೆ ಅದರಿಂದ ಆಗುವ ಲಾಭ ಸೊನ್ನೆ. ಅವಳು ಹತ್ತುವ ಬಸ್ಸಿನಲ್ಲಿ ಇನ್ನಷ್ಟು ಜನ ತುಂಬುತ್ತಾರೆ, ಅವಳಿಗೆ ಬೇಕಾದಾಗ ಜಿಲ್ಲಾ ಆಸ್ಪತ್ರೆಯ ಆಮ್ಲಜನಕದ ಹಾಸಿಗೆ ಇನ್ನೊಬ್ಬರಿಗೆ ಹೋಗಿರುತ್ತದೆ. ಹೋಗಲೇಬೇಕಾದವರ ಅಪಾಯ ತಗ್ಗುವುದು ಹೋಗದಿರಬಹುದಾದವರು ಹೋಗದಿದ್ದಾಗ. ಅಪಾಯವನ್ನು ಎಲ್ಲರಿಗೂ ಸಮನಾಗಿ ಹಂಚುವುದನ್ನು ಸಮಾನತೆ ಎಂದು ಕರೆಯಲಾಗದು. ಹಂಚಬೇಕಾದದ್ದು ರಕ್ಷಣೆ. ಕೇಂದ್ರ ಸರ್ಕಾರ 2020ರ ಮಾರ್ಚಿನಲ್ಲೇ ಆಶಾ ಕಾರ್ಯಕರ್ತೆಯರೂ ಸೇರಿದಂತೆ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ಘೋಷಿಸಿತು. ಅಪಾಯ ಇನ್ನೊಬ್ಬರ ಅಪ್ಪಣೆಯಿಂದ ಬಂದರೆ ಅದರ ಹೊಣೆಯೂ ಅಪ್ಪಣೆ ಕೊಟ್ಟವರದೆಂಬ ತತ್ವವನ್ನು ಅದು ಒಪ್ಪಿಕೊಂಡಂತಾಯಿತು. ಅದನ್ನು ಎಷ್ಟು ದೂರ ಚಾಚಬೇಕು ಎಂಬಲ್ಲೇ ಜಗಳವೆಲ್ಲ.

ಆ ಹೊಣೆಯ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಶಾಲೆ ಮುಚ್ಚಿದ್ದ 2020ರ ಆಗಸ್ಟಿನಲ್ಲಿ ಕರ್ನಾಟಕ ‘ವಿದ್ಯಾಗಮ’ ತಂದಿತು. ಸರ್ಕಾರಿ ಶಿಕ್ಷಕರು ಹಳ್ಳಿಗಳಿಗೆ ಹೋಗಿ ಮರದಡಿ, ಗುಡಿಯ ಜಗಲಿಯಲ್ಲಿ, ವಠಾರಗಳಲ್ಲಿ ಮಕ್ಕಳಿಗೆ ಪಾಠ ಹೇಳಬೇಕಿತ್ತು. ಬಡ ಮಕ್ಕಳ ಮಟ್ಟಿಗೆ ಅದು ಒಳ್ಳೆಯ ಯೋಜನೆಯೇ, ಮೊಬೈಲ್ ಇಲ್ಲದ ಮನೆಗೆ ಬೇರೆ ಶಾಲೆ ಇರಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ವರದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಶಿಕ್ಷಕರು ಮೊದಲೇ ಎತ್ತಿದ್ದ ಪ್ರಶ್ನೆಗಳನ್ನು ಆಗಲೇ ಕೂತು ಕೇಳಿದ್ದರೆ ಯೋಜನೆ ಇನ್ನಷ್ಟು ದಿನ ಬಾಳುತ್ತಿತ್ತೋ ಏನೋ. ಇನ್ನೊಂದು ಉತ್ತರ ಪ್ರದೇಶದ್ದು, ಬಹಳ ಕಹಿಯಾದದ್ದು. 2021ರ ಏಪ್ರಿಲಿನಲ್ಲಿ, ಎರಡನೇ ಅಲೆಯ ನಡುವೆ, ಅಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು. ಆ ಕೆಲಸಕ್ಕೆ ಹೋದ 1,621 ಮಂದಿ ಶಿಕ್ಷಕರು ಮತ್ತು ಸಿಬ್ಬಂದಿ ತೀರಿಕೊಂಡರೆಂದು ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರ ಮೊದಲು ಒಪ್ಪಿದ್ದು ಮೂವರನ್ನು. ಸಂಘದ ಎಣಿಕೆಯನ್ನು ಪೂರ್ತಿ ನಂಬದಿದ್ದರೂ ಈ ಎರಡು ಸಂಖ್ಯೆಗಳ ನಡುವಿನ ಕಂದರ ಬಂದದ್ದೆಲ್ಲಿಂದ ಎಂಬುದನ್ನು ನೋಡಬೇಕು. ನಿಯಮದ ಪ್ರಕಾರ ಚುನಾವಣಾ ಕರ್ತವ್ಯವೆಂದರೆ ಮನೆಯಿಂದ ಹೊರಟ ಗಳಿಗೆಯಿಂದ ಮನೆ ಸೇರುವ ಗಳಿಗೆಯವರೆಗೆ. ವೈರಾಣು ಮೈಯಲ್ಲಿ ಕೆಲಸ ಶುರು ಮಾಡುವುದೇ ಮನೆ ಸೇರಿದ ಮೇಲೆ. ಮತಗಟ್ಟೆಯಲ್ಲಿ ತಗಲಿದ್ದಕ್ಕೆ ಹತ್ತು ದಿನದ ನಂತರ ಆಸ್ಪತ್ರೆಯಲ್ಲಿ ಸತ್ತವನು ಹಾಜರಿ ಪುಸ್ತಕದ ಪ್ರಕಾರ ಸ್ವಂತ ಕಾರಣಕ್ಕೆ ಸತ್ತ. ಕಟು ಟೀಕೆ ಬಂದ ಮೇಲೆ ಕರ್ತವ್ಯದ ನಂತರದ 30 ದಿನಗಳೊಳಗಿನ ಸಾವನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತು. ತಾಯಿಗೋ ಗಂಡನಿಗೋ ರೋಗ ದಾಟಿ ಅವರು ಸತ್ತಿದ್ದರೆ ಅದು ಆಮೇಲೂ ಲೆಕ್ಕಕ್ಕೆ ಬರಲಿಲ್ಲ. ನೌಕರ ಮೊದಲ ದಿನ ಕೇಳಿದ್ದು ಇದೇ ಪ್ರಶ್ನೆ. ನನ್ನ ಮೈ ಕಚೇರಿಗೆ ಬಂದರೆ ನನ್ನ ಮನೆಯೂ ಬಂದಂತೆ. ಅದರ ಹೊಣೆ ಯಾರದು?

ಭಯದ ನೆಪದಲ್ಲಿ ಸುಮ್ಮನೆ ಕೂತವರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಕಚೇರಿಗೆ ಅಂಜಿ ಮದುವೆಗೆ ಹೋದವರನ್ನು ಎಲ್ಲ ಊರುಗಳೂ ಕಂಡಿವೆ. ಫೋನ್ ಎತ್ತದೆ, ಅರ್ಜಿ ನೋಡದೆ, ಪೂರ್ತಿ ಸಂಬಳ ಎಣಿಸಿಕೊಂಡವರಿಗೆ ಈ ವಾದದ ಆಸರೆ ಸಿಗಬಾರದು. ಅವರಿಗೂ ಶರಣರಲ್ಲೇ ಒಂದು ಕಥೆ ಇದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಚೆಲ್ಲಿ ಬಾ ಎಂದು ಹಿಂದಕ್ಕೆ ಕಳಿಸಿದಳು. ದುಡಿಮೆಗೂ ಪಡೆಯುವುದಕ್ಕೂ ಅಳತೆ ತಪ್ಪಬಾರದು ಎಂಬುದು ಅವಳ ಹಟ. ಮಾರಯ್ಯ ಅನುಭಾವದ ಮಾತುಕತೆಯಲ್ಲಿ ಮೈಮರೆತು ಕುಳಿತಾಗ ಕೆಲಸದ ಹೊತ್ತಾಯಿತೆಂದು ಎಚ್ಚರಿಸಿದವಳೂ ಅವಳೇ. ಮನೆಯಲ್ಲಿ ಉಳಿದವನು ಕೆಲಸದಿಂದ ಉಳಿದವನಾಗಬಾರದು. ಮನೆಯಿಂದ ಆಗುವುದನ್ನು ಮನೆಯಿಂದ ಮಾಡಬೇಕು, ಆಗದ್ದಕ್ಕೆ ಸರದಿಯ ಮೇಲೆ ಬರಬೇಕು, ತನ್ನ ಪಾಲನ್ನು ಪಕ್ಕದ ಮೇಜಿನ ಹೊರಗುತ್ತಿಗೆ ಹುಡುಗನ ಮೇಲೆ ಹೊರಿಸಬಾರದು. ಆ ಹುಡುಗನಿಗೆ ಒಂದು ದಿನ ಬರದಿದ್ದರೆ ಆ ದಿನದ ಸಂಬಳವಿಲ್ಲ, ಹಾಗಾಗಿ ಖಾಯಂ ನೌಕರರ ಅಂಜಿಕೆಯ ಬೆಲೆಯನ್ನು ಎಷ್ಟೋ ಕಡೆ ಅವನೇ ತೆತ್ತ. ನೌಕರರ ಸಂಘಗಳು ಈ ಬಗ್ಗೆ ಆಡಿದ್ದು ಕಡಿಮೆ. ಆದರೆ ಕಳ್ಳನೆಪಗಳು ಇವೆ ಎಂಬ ಕಾರಣಕ್ಕೆ ನಿಜವಾದ ಅಂಜಿಕೆಯನ್ನು ಕೇಳದಿರುವುದು ತಕ್ಕಡಿಯನ್ನೇ ಎಸೆದಂತೆ. ನೆಪ ಯಾವುದು, ನಿಜ ಯಾವುದು ಎಂದು ತಿಳಿಯಲೂ ಕೇಳಬೇಕಾಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಈ ಮಾತನ್ನು ದೇವರ ಹೆಸರಿಲ್ಲದೆ ಹೇಳುತ್ತದೆ. ಜೀವಕ್ಕೆ ಗಂಭೀರ ಅಪಾಯ ಎದುರಾಗಿದೆ ಎಂದು ನಂಬಲು ತಕ್ಕ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವನಿಗೆ ಅದಕ್ಕಾಗಿ ಶಿಕ್ಷೆಯಾಗಬಾರದು ಎಂಬುದು ಅದರ ಸಾರ. ನಮ್ಮಲ್ಲಿ 2020ರಲ್ಲೂ ಪಿಡುಗಿಗೆ ಬಳಸಿದ ಕಾಯ್ದೆಗಳಲ್ಲಿ ಒಂದು ಮುಂಬಯಿ ಪ್ಲೇಗಿಗೆಂದು 1897ರಲ್ಲಿ ಮಾಡಿದ್ದು. ಅಪ್ಪಣೆ ಮೀರಿದವನಿಗೆ ಶಿಕ್ಷೆ ಏನೆಂದು ಅದರಲ್ಲಿದೆ, ಅಪ್ಪಣೆ ಕೊಟ್ಟವನು ಏನು ಉತ್ತರಿಸಬೇಕೆಂಬುದು ಇಲ್ಲ. ಇನ್ನೊಂದು ಪಿಡುಗು ಬಂದಾಗ ಜಿಲ್ಲಾ ಕಚೇರಿಯಿಂದ ತಾಲ್ಲೂಕುಗಳಿಗೆ ಸುತ್ತೋಲೆ ಹೊರಡುವುದು ಖಂಡಿತ. ಯಾವ ಕೆಲಸ ಕಚೇರಿಯಲ್ಲೇ ಆಗಬೇಕು ಮತ್ತು ಏಕೆ, ಅದಕ್ಕೆ ಎಷ್ಟು ಮಂದಿ ಸಾಕು, ಬರುವವರ ದಾರಿಗೆ ಏನು ವ್ಯವಸ್ಥೆ, ಅಂಜುವವನು ಯಾರ ಬಳಿ ಹೇಳಿಕೊಳ್ಳಬೇಕು, ಹೊರಗುತ್ತಿಗೆಯವನ ಕೂಲಿ ಏನಾಗುತ್ತದೆ, ಅವನಿಗೋ ಅವನ ಮನೆಯವರಿಗೋ ತಗಲಿದರೆ ಎಷ್ಟು ದಿನದವರೆಗೆ ಯಾರ ಹೊಣೆ, ಸಹಿ ಮಾಡಿದ ಅಧಿಕಾರಿ ಸ್ವತಃ ಯಾವ ದಿನಗಳಲ್ಲಿ ಅದೇ ಹಜಾರದಲ್ಲಿ ಕೂರುತ್ತಾರೆ, ಇಷ್ಟನ್ನು ಬರೆಯಲು ಒಂದು ಪುಟ ಸಾಕು. ‘ಹಾಜರಾಗತಕ್ಕದ್ದು’ ಎಂಬ ಸಾಲು ಅದರ ಕೆಳಗೆ ಬರಬಹುದು.